ಮಹಡಿಯ ಗೋಡೆ

"ಹೊಗೆ ಹಾಕಿ ನೋಡೋಕೆ ಇದೇನು ಇಲಿಬಿಲವಾ?" ಎಂದು ರೆಮಿ ನಕ್ಕ. ನಗುವಿನಲ್ಲಿ ಸಿಟ್ಟಿತ್ತು. ಅವನು ಹೊತ್ತು ತಂದಿಟ್ಟ ಎರಕದ ಕಬ್ಬಿಣದ ಒಲೆ ಹಜಾರದ ನಡುವೆ ಕೂತಿತ್ತು. ಗಾಜಿನ ಬಾಗಿಲಿನ, ಕರುವಿನಷ್ಟು ದೊಡ್ಡ ಪೆಟ್ಟಿಗೆ. ಕೆಡವಿದ ಯಾವುದೋ ಬಂಗಲೆಯಿಂದ ಬಿಚ್ಚಿ ತಂದದ್ದು. ತೆರೆದ ಅಗ್ಗಿಷ್ಟಿಕೆಯ ಬಾಯೊಳಗೆ ಅದನ್ನು ಕೂರಿಸಿಬಿಟ್ಟರೆ ತಮ್ಮನ ಹತ್ತು ಕೋಣೆಯ ಮನೆಗೆ ಜೂರಾ ಬೆಟ್ಟದ ಜನವರಿಯ ಚಳಿ ತಟ್ಟುವುದಿಲ್ಲ ಎಂದು ಅವನ ವಾದ. ತಮ್ಮನ ಹೆಂಡತಿ ಓಡಿಲ್ ಅದಕ್ಕೆ ಒಪ್ಪದೆ ಚಿಮಣಿ ಗುಡಿಸುವ ಬೆರ್ತೋನನ್ನು ಕರೆಸಿದ್ದಳು.

ಓಡಿಲ್ ಅಂಗಡಿಯಲ್ಲಿ ನೋಡಿ ಬಂದಿದ್ದ ಒಲೆ ಇದರ ಅರ್ಧದಷ್ಟಿತ್ತು. ಚಿಮಣಿಯ ಒಳಗೆ ಮೇಲಿಂದ ಕೆಳತನಕ ಸ್ಟೀಲ್ ಕೊಳವೆ ಇಳಿಸದಿದ್ದರೆ ಒಲೆಯನ್ನೇ ಕೊಡುವುದಿಲ್ಲ ಎಂದಿದ್ದರು ಅಂಗಡಿಯವರು.

"ಆ ಡಬ್ಬಿಯಲ್ಲಿ ಕಾಫಿ ಕಾಯಿಸ್ಕೋ," ಎಂದ ರೆಮಿ. "ಇನ್ನೂರು ವರ್ಷದ ಚಿಮಣಿ ಇದು. ಇದಕ್ಕೆ ಕೊಳವೆ ಯಾಕೆ? ನಿನ್ನ ಗಂಡನೇ ಬೇಡ ಅಂದಿದ್ದಾನೆ."

"ಅವರು ದಿನಾ ರಸ್ತೆ ಮೇಲೆ ಹಿಮ ತಳ್ಳೋ ಕೆಲಸದಲ್ಲಿರ್ತಾರೆ ಭಾವ. ಮನೇಲಿ ಮಲಗೋರು ಮಕ್ಕಳು."

ಬೆರ್ತೋ ಇಬ್ಬರ ಮಾತಿಗೂ ಬಾಯಿ ಹಾಕಲಿಲ್ಲ. ಛಾವಣಿ ಹತ್ತಿ ಚಿಮಣಿಯ ತುದಿಗೆ ಒದ್ದೆ ಗೋಣಿ ಬಿಗಿದು ಬಂದ. ಅಗ್ಗಿಷ್ಟಿಕೆಯಲ್ಲಿ ಹೊಗೆಗುಳಿಗೆ ಹಚ್ಚಿ, ಅದರ ಬಾಯಿಗೂ ತಾಡಪಾಲು ಕಟ್ಟಿದ. "ಚಿಮಣಿ ಎಲ್ಲಾದ್ರೂ ಬಿರುಕು ಬಿಟ್ಟಿದ್ರೆ ಹೊಗೆ ಅಲ್ಲಿಂದ ಹೊರಗೆ ಬರುತ್ತೆ. ಈಗ ಮನೆಯೆಲ್ಲ ಒಂದು ಸುತ್ತು ಹಾಕೋಣ. ಎಲ್ಲೂ ಹೊಗೆ ಕಾಣದಿದ್ರೆ ಇವರು ಗೆದ್ದ ಹಾಗೆ, ಮದಾಮ್."

ಅಡುಗೆಮನೆಯಲ್ಲಿ ಏನೂ ಇರಲಿಲ್ಲ. ಉಗ್ರಾಣದಲ್ಲೂ ಇಲ್ಲ. ಒಂದೊಂದು ಬಾಗಿಲು ತೆರೆದಾಗಲೂ ರೆಮಿ "ಇಲ್ಲೂ ಇಲ್ಲ" ಎಂದು ಅವಳ ಮುಖ ನೋಡುತ್ತಿದ್ದ. ಮೆಟ್ಟಿಲು ಹತ್ತುವಾಗ ಓಡಿಲ್ ಭಾವನ ಹತ್ತಿರ ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದಳು. ಬಂಧುಗಳ ಮುಂದೆ ಇದು ವರ್ಷಗಟ್ಟಲೆ ನಗೆಯ ಮಾತಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಮಗಳ ಕೋಣೆಯ ಬಾಗಿಲನ್ನು ಅವಳೇ ತೆರೆದಳು. ಮಂಚದ ತಲೆದಿಕ್ಕಿನಲ್ಲಿ, ಚಿಮಣಿ ಹಾದುಹೋಗುವ ಗೋಡೆಗೆ ಅಂಟಿಸಿದ ಹೂವಿನ ಕಾಗದ ಒಂದು ಬೆರಳಿನಷ್ಟು ಬಿಟ್ಟುಕೊಂಡಿದ್ದ ಕಡೆ, ಬೂದುಬಣ್ಣದ ಹೊಗೆ ಎಳೆಯಾಗಿ ಹೊರಟು ದಿಂಬಿನ ಮೇಲೆ ಇಳಿಯುತ್ತಿತ್ತು.

ಓಡಿಲ್ ತಿರುಗಿ ನೋಡಿದಳು. ರೆಮಿ ಮಾತು ತಿರುಗಿಸುತ್ತಾನೆ ಎಂದುಕೊಂಡಿದ್ದಳು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಇದು ಗುಳಿಗೆ ಹೊಗೆ," ಎಂದ ಅವನು ಬೆರ್ತೋನಿಗೆ. "ಒಲೆಯದು ಹೀಗೆ ಬರಲ್ಲ ಅಲ್ವಾ? ಬಂದ್ರೆ ವಾಸನೆ ಗೊತ್ತಾಗುತ್ತೆ."

"ಹೊಗೆ ಬರದೇ ಇರಬಹುದು. ವಿಷಗಾಳಿ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಒಲೆಯ ಗಾಳಿಕಿಂಡಿ ಮುಚ್ಚಿ ಸಣ್ಣಗೆ ಉರಿಸಿದ್ರಂತೂ ಇನ್ನೂ ಜಾಸ್ತಿ."

"ನಮ್ಮನೇಲಿ ಇಂಥದ್ದೇ ಒಂದು ಕೂರಿಸಿದ್ದೀನಿ," ಎಂದ ರೆಮಿ. "ಕ್ರಿಸ್ಮಸ್ಸಿಗೆ ಮುಂಚೆ. ಕೊಳವೆ ಹಾಕಿಲ್ಲ."

"ಈಗ ಉರೀತಿದೆಯಾ?"

"ಬೆಳಿಗ್ಗೆ ಕೊರಡು ತುಂಬಿ ಗಾಳಿಕಿಂಡಿ ಮುಚ್ಚಿ ಬಂದೆ. ಅವಳಿ ಮಕ್ಕಳು ಮನೇಲೇ ಇದ್ದಾರೆ. ತಲೆನೋವು, ವಾಕರಿಕೆ ಅಂತ ಕ್ಲೋತಿಲ್ದ್ ಎರಡು ದಿನದಿಂದ ಶಾಲೆಗೆ ಕಳಿಸಿಲ್ಲ."

ಅಷ್ಟು ಹೇಳುವಾಗಲೇ ಅವನು ಹೆಂಡತಿ ಕ್ಲೋತಿಲ್ದ್‌ಗೆ ಫೋನು ಹಚ್ಚಿದ್ದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದ. ಅವನ ಕೈಯಿಂದ ಕಾರಿನ ಕೀಲಿ ಕಿತ್ತುಕೊಂಡವಳು ಓಡಿಲ್.

ರೆಮಿಯ ಮನೆಗೆ ನಾಲ್ಕು ಕಿಲೋಮೀಟರ್. ಎರಡೂ ಬದಿಗೆ ಆಳುದ್ದ ಹಿಮ. ಅವಳು ಸ್ಟಿಯರಿಂಗ್ ಹಿಡಿದುಕೊಂಡೇ ಅಗ್ನಿಶಾಮಕದವರಿಗೆ ಫೋನಿನಲ್ಲಿ ಕೂಗಿ ವಿಳಾಸ ಹೇಳಿದಳು. ಪಕ್ಕದಲ್ಲಿ ರೆಮಿ ಹೆಂಡತಿಗೆ ಮತ್ತೆ ಮತ್ತೆ ಫೋನು ಹಚ್ಚುತ್ತಲೇ ಇದ್ದ. ಹಿಂದೆ ಬೆರ್ತೋನ ವ್ಯಾನು ಬರುತ್ತಿತ್ತು.

ಮನೆಯೊಳಗೆ ಹಿತವಾದ ಶಾಖವಿತ್ತು. ಮಹಡಿಯ ಕೋಣೆಯಲ್ಲಿ ಇಬ್ಬರು ಹುಡುಗಿಯರೂ ಒಂದೇ ಹೊದಿಕೆಯಡಿ ಮಲಗಿದ್ದರು, ಕೆನ್ನೆ ಕೆಂಪಗೆ. "ಲಿಸೋನ್, ಕಣ್ಣು ಬಿಡು ಪುಟ್ಟಿ," ಎಂದು ಓಡಿಲ್ ಕೆನ್ನೆಗೆ ಬಡಿದಳು. ಕಣ್ಣು ಬಿಡಲಿಲ್ಲ. ಮಗು ಹಸಿ ಸೌದೆಯಷ್ಟು ಭಾರವಾಗಿತ್ತು. ಓಡಿಲ್ ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದು ಅಂಗಳಕ್ಕೆ ಬಂದಳು. ಹಿಂದೆಯೇ ಇನ್ನೊಬ್ಬಳನ್ನು ಹೊತ್ತು ರೆಮಿ ಬಂದ. ತಣ್ಣನೆ ಗಾಳಿ ಮುಖಕ್ಕೆ ಹೊಡೆದ ಮೇಲೆ ಲಿಸೋನ್ ಒಮ್ಮೆ ಬಿಕ್ಕಿ, ಓಡಿಲ್‌ಳ ಹೆಗಲ ಮೇಲೆಲ್ಲ ವಾಂತಿ ಮಾಡಿ ಅಳತೊಡಗಿದಳು. ಆ ಅಳು ಕೇಳಿ ತಂಗಿಯೂ ಅತ್ತಳು. ರೆಮಿ ಹಿಮದಲ್ಲಿ ಮೊಣಕಾಲೂರಿ ಇಬ್ಬರ ಅಂಗಾಲನ್ನೂ ತಿಕ್ಕಿದ.

ಆಮೇಲೆ ಎದ್ದು, ಒದ್ದೆ ಕರವಸ್ತ್ರ ಮೂಗಿಗೆ ಕಟ್ಟಿಕೊಂಡು ಒಳಗೆ ಹೋದ. ಬೆರ್ತೋ ಕಿಟಕಿಗಳನ್ನೆಲ್ಲ ತೆರೆಯುತ್ತಿದ್ದ. ರೆಮಿ ಒಲೆಯ ಗಾಜಿನ ಬಾಗಿಲು ತೆಗೆದು, ಉರಿಯುವ ಕೊರಡುಗಳನ್ನು ಸಲಿಕೆಯಲ್ಲಿ ಎತ್ತಿ ಎತ್ತಿ ಅಂಗಳಕ್ಕೆ ಎಸೆಯತೊಡಗಿದ. ಒಂದೊಂದೂ ಹಿಮದಲ್ಲಿ ಚುಂಯ್ ಎಂದು ಹೂತುಹೋಗುತ್ತಿತ್ತು. ದೂರದ ತಿರುವಿನಲ್ಲಿ ಸೈರನ್ ಕೇಳಿಸಿತು.

ಅಷ್ಟರಲ್ಲಿ ಬೆರ್ತೋ ಅಡುಗೆಮನೆಯ ಕುರ್ಚಿಯಲ್ಲಿ ಮಂಕಾಗಿ ಒರಗಿದ್ದ ಕ್ಲೋತಿಲ್ದ್‌ಳನ್ನು ಎಬ್ಬಿಸಿ, ತೋಳು ಹಿಡಿದು ಹೊರಗೆ ತಂದು ಹೊಸ್ತಿಲ ಮೇಲೆ ಕೂರಿಸಿದ. ಅವಳು ಗಂಡನ ಸಲಿಕೆಯನ್ನೂ ಹಿಮದಲ್ಲಿ ಬಿದ್ದ ಕೊರಡುಗಳನ್ನೂ ಬಹಳ ಹೊತ್ತು ನೋಡಿದಳು. ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ.

"ಯಾಕೆ ರೆಮಿ, ತೆಗೀತಿದ್ದೀಯ? ಮಕ್ಕಳು ಏಳ್ತಾನೇ ಇಲ್ಲ, ಚಳಿಯಾಗಿರಬೇಕು ಅಂತ ನಾನೇ ಈಗ ಇನ್ನೆರಡು ಹಾಕಿದೆ."