ಭಜಿ ವಾಸನೆಯ ಗಿರಣಿ

“ಯಾರಲೇ ಇಲ್ಲಿ ಭಜಿ ಕರ್ಯಾಕತ್ತಾರ?” ಎಂದು ಕೂಗುತ್ತ ರಾಮಲಿಂಗ ದಾವಲಸಾಬನ ಹಿಟ್ಟಿನ ಗಿರಣಿಗೆ ನುಗ್ಗಿದ. ಪಕ್ಕದ ಮನೆಯೇ ಅವನದು. ತಮ್ಮ ಅಮೋಘಿಯನ್ನು ಮಣ್ಣು ಮಾಡಿ ಬಂದದ್ದು ಮೊನ್ನೆ. ಸೂತಕ ಕಳೆಯುವವರೆಗೆ ಆ ಮನೆಯಲ್ಲಿ ಒಗ್ಗರಣೆ ಕೂಡ ಹಾಕುವಂತಿಲ್ಲ. ಗೋಡೆಯಾಚೆಯೇ ಯಾರೋ ಕಡಾಯಿ ಇಟ್ಟರೆ ಯಾರಿಗೆ ತಾನೇ ಸಿಟ್ಟು ಬಾರದು!

ಗಿರಣಿಯಲ್ಲಿ ಒಲೆಯೂ ಇರಲಿಲ್ಲ, ಕಡಾಯಿಯೂ ಇರಲಿಲ್ಲ. ದಾವಲಸಾಬ ಇಂಜಿನ್ನಿನ ಹೊಗೆ ಕೊಳವೆಯತ್ತ ಬೆರಳು ಮಾಡಿದ.

“ಭಜಿ ಅಲ್ಲಣ್ಣಾ, ಕುಸುಬಿ ಎಣ್ಣಿ. ಯುದ್ಧ ಸುರು ಆದಾಗಿಂದ ಬಬಲೇಶ್ವರಕ್ಕ ಡಿಸೇಲ ಎಲ್ಲಿ ಬಂದೈತಿ? ಸುರುವಾತಿಗೆ ಒಂದೀಟ ಡಿಸೇಲ ಹಾಕಿ ಇಂಜಿನ್ ಕಾಯಿಸಿದ್ರ, ಆಮ್ಯಾಲ ಗಾಣದ ಎಣ್ಣಿ ಮ್ಯಾಲ ಓಡತೈತಿ. ಇವತ್ತ ಹಾಕಿ ನೋಡೇನಿ.”

“ತಮ್ಮನ ಹೆಣ ಎತ್ತಿದ ಜಾಗಾದಾಗ ಇನ್ನೂ ದೀಪ ಉರ್ಯಾಕತ್ತೈತಿ. ಮಂದಿ ಏನಂದಾರು? ಬಂದ್ ಮಾಡು.”

“ಬಂದ್ ಮಾಡಿದ್ರ ಮತ್ತ ಚಾಲೂ ಮಾಡಾಕ ಡಿಸೇಲ ಬೇಕಲ್ಲಣ್ಣಾ. ಇರೋದು ಒಂದ ಬಾಟ್ಲಿ. ಅದು ನಾಳಿ ಗಿರಾಕಿಗೆ.”

“ಬಂದ್ ಮಾಡಂದ್ನೆಲ್ಲ!”

ಸಾವಿನ ಮನೆಯವರ ಜೊತೆ ಎಂಥ ವಾದ? ದಾವಲಸಾಬ ಬಂದ್ ಮಾಡಿದ. ಪಾಳಿ ಕಾಯುತ್ತಿದ್ದ ಹೆಂಗಸರು ಗೊಣಗುತ್ತ ಜೋಳದ ಬುಟ್ಟಿ ಹೊತ್ತುಕೊಂಡು ಹೋದರು. ಗಿರಣಿಯ ಇಂಜಿನ್ನು ಭಜಿ ಕರಿಯುತ್ತದೆ ಎಂಬ ಸುದ್ದಿಯೂ ಅವರ ಜೊತೆಗೇ ಊರೆಲ್ಲ ಹೋಯಿತು.

ರಾಮಲಿಂಗ ಇನ್ನೂ ಹೊಸ್ತಿಲು ದಾಟಿರಲಿಲ್ಲ, ಅವನ ಹೆಂಡತಿ ಬೋರವ್ವ ಓಡಿ ಬಂದಳು.

“ಏನ್ರಿ, ಮಲಕವ್ವ ಬಾಯಿ ಬಿಟ್ಟಾಳ!”

ಮಲಕವ್ವ ಅಮೋಘಿಯ ಹೆಂಡತಿ. ಗಂಡ ಹೋದಾಗಿನಿಂದ ತುತ್ತು ಮುಟ್ಟಿರಲಿಲ್ಲ. ಎದೆಯ ಹಾಲು ಬತ್ತಿ ಕೂಸು ಅತ್ತೂ ಅತ್ತೂ ದನಿ ಕಳೆದುಕೊಂಡಿತ್ತು. ಯಾರು ಕೈಮುಗಿದು ಬೇಡಿಕೊಂಡರೂ ಅವಳು ತಲೆ ಎತ್ತಿರಲಿಲ್ಲ.

“ಏನಂದ್ಳು?”

ಬೋರವ್ವ ದನಿ ತಗ್ಗಿಸಿದಳು. “‘ಯಾರೋ ಭಜಿ ಕರ್ಯಾಕತ್ತಾರ, ನನಗೊಂದ ಕೊಡ್ತಾರೇನ ಕೇಳ ಯಕ್ಕಾ’ ಅಂದ್ಳು. ಅಂದು, ನಾಚಿ ಸೆರಗಿನಾಗ ಮಾರಿ ಮುಚ್ಕೊಂಡ್ಳು.”

ರಾಮಲಿಂಗ ಹೊಸ್ತಿಲಿನಿಂದ ಒಳಕ್ಕೆ ತಿರುಗಿದ. ಮಲಕವ್ವನ ಮೇಲೆ ಅವನಿಗೆ ಮರುಕವಿತ್ತು. ಊರ ಬಾಯಿಯ ಭಯವೂ ಅಷ್ಟೇ ಇತ್ತು. ಕೊನೆಗೆ ದಾವಲಸಾಬನ ಮುಖ ನೋಡದೆಯೇ ಕೇಳಿದ.

“ಆ ಎಣ್ಣಿ ಉಳದೈತೇನು? ಮನ್ಯಾಗಿಂದು ದೀಪಕ್ಕ ಮುಗದೈತಿ.”

ದಾವಲಸಾಬ ಡಬ್ಬಿಯಿಂದ ಒಂದು ತಂಬಿಗೆ ತುಂಬಿಸಿ ಕೊಟ್ಟ. ರಾಮಲಿಂಗ ಅದನ್ನು ಹೆಗಲ ಕಂಬಳಿಯೊಳಗೆ ಮುಚ್ಚಿಕೊಂಡು ಮನೆಗೆ ಹೋದ.

ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಎಣ್ಣೆ ಚುರ್ ಅಂದಿತು. ವಾಸನೆ ಓಣಿಗೆ ಬಿತ್ತು. ದಾವಲಸಾಬ ತಡಮಾಡಲಿಲ್ಲ. ನಾಳೆಗೆಂದು ಇಟ್ಟಿದ್ದ ಬಾಟಲಿಯ ಡೀಸೆಲನ್ನು ಪೂರ್ತಿ ಸುರಿದು ಹ್ಯಾಂಡಲ್ ತಿರುವಿದ, ಇಂಜಿನ್ನು ಕಾದೊಡನೆ ಕುಸುಬಿ ಎಣ್ಣೆ ಹಾಕಿದ. ಇಂಜಿನ್ನು ಓಣಿಗೆಲ್ಲ ಕೇಳುವಂತೆ ಬಡಿದುಕೊಳ್ಳತೊಡಗಿತು.

“ಏನ್ ದಾವಲಸಾಬ, ಮತ್ತ ಭಜಿ ಸುರು ಮಾಡಿದೆಲ್ಲ!” ಎಂದು ದಾರಿಯಲ್ಲಿ ಹೋಗುವವರು ನಕ್ಕರು.

“ಏನ್ ಮಾಡೂದ್ರಿ, ಡಿಸೇಲ ಇಲ್ಲ,” ಎಂದ ದಾವಲಸಾಬ.

ಬೀಸುವ ಕಲ್ಲನ್ನು ತಿರುಗಿಸುವ ಪಟ್ಟಾ ಇಂಜಿನ್ನಿಗೆ ಹಾಕಿರಲಿಲ್ಲ, ಗೋಡೆಯ ಮೊಳೆಗೆ ತೂಗುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ.