ಮೂರು ಗಂಟೆಯ ಕ್ಯಾಸೆಟ್

“ಟಿವಿಯಲ್ಲಿ ಬರೋದನ್ನ ಇದು ಕ್ಯಾಸೆಟ್ಟಿಗೂ ಹಾಕುತ್ತಾ?”

ಅಂಗಡಿಯವನು ತಲೆ ಕೆರೆದುಕೊಂಡ. ಡಿವಿಡಿ ರೆಕಾರ್ಡರ್ ಕೊಳ್ಳಲು ಬಂದವರೆಲ್ಲ ಹಳೆಯ ಕ್ಯಾಸೆಟ್ಟನ್ನು ಡಿಸ್ಕಿಗೆ ಇಳಿಸುವುದು ಹೇಗೆಂದು ಕೇಳುತ್ತಿದ್ದರು. ಇವಳದ್ದು ಉಲ್ಟಾ. ತೆಳ್ಳಗಿನ ನಾಲ್ಕು ಪೆಟ್ಟಿಗೆಗಳನ್ನು ಪಕ್ಕಕ್ಕೆ ಸರಿಸಿ, ಡಿಸ್ಕಿಗೂ ಕ್ಯಾಸೆಟ್ಟಿಗೂ ಬಾಯಿದ್ದ ದಪ್ಪನೆಯದನ್ನೇ ಆರಿಸಿದಳು. ಟಿವಿ ರಿಪೇರಿಯೇ ಅವಳ ಕಸುಬು. ಅವಳಿಗೆ ಯಂತ್ರದ ಪಾಠ ಹೇಳುವ ಅಗತ್ಯವಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಅಕ್ಕ ಅಮ್ಮನನ್ನು ಅಳಿಸಿಹಾಕಿದ್ದಳು. ಪಕ್ಕದ ಮನೆಯ ಕ್ಯಾಮೆರಾದವನು ಹೊಸ ಕ್ಯಾಮೆರಾ ಪರೀಕ್ಷಿಸಲೆಂದು ತೆಗೆದು ಕ್ಯಾಸೆಟ್ಟಿಗೆ ಹಾಕಿಕೊಟ್ಟಿದ್ದ, ಅಮ್ಮ ಹಾಡಿದ ಮೂರು ನಿಮಿಷದ ಹಾಡು ಅದು. ಅಮ್ಮ ತೀರಿಕೊಂಡ ಮೇಲೆ ಅವಳ ದನಿ ಉಳಿದಿದ್ದು ಅಲ್ಲಿ ಮಾತ್ರ. ಅದರ ಮೇಲೆ ಅಕ್ಕ ಅಡುಗೆ ಕಾರ್ಯಕ್ರಮ ರೆಕಾರ್ಡ್ ಮಾಡಿ, “ಗೊತ್ತಾಗಲಿಲ್ಲ ಕಣೇ” ಅಂದಿದ್ದಳು. ಅಂದಿನಿಂದ ಮಾತಿಲ್ಲ. ಅಕ್ಕ ಕಳಿಸಿದ ಕಾಗದ, ಪೊಟ್ಟಣಗಳನ್ನೆಲ್ಲ ಇವಳು ಒಡೆಯದೆಯೇ ವಾಪಸು ಕಳಿಸಿದ್ದಳು.

ಕಳೆದ ವಾರ ಭಾವ ಬಂದು ತಮ್ಮ ಮದುವೆಯ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟಿದ್ದರು. ಡಿಸ್ಕಿಗೆ ಇಳಿಸಿಕೊಡಬೇಕು, ಇರುವುದು ಇದೊಂದೇ ಪ್ರತಿ, ಬೇರೆಯವರ ಕೈಗೆ ಕೊಡಲು ಅಕ್ಕನಿಗೆ ಧೈರ್ಯವಿಲ್ಲ ಎಂದರು. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು.

“ಕೊನೇತನಕ ನೋಡ್ಕೊಂಡು ಇಳಿಸಬೇಕಂತಮ್ಮ. ನಿಮ್ಮಕ್ಕ ಒತ್ತಿ ಹೇಳಿದ್ದಾಳೆ.”

ಅವಳು ಸಂತೋಷದಿಂದ ಒಪ್ಪಿಕೊಂಡಳು.

ಹೊಸ ಯಂತ್ರವನ್ನು ಮನೆಗೆ ತಂದು ಕ್ಯಾಸೆಟ್ ತಿರುಗಿಸಿ ನೋಡಿದರೆ, ಅಂಚಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದು ತೆಗೆದಿದ್ದರು. ಅದಿಲ್ಲದಿದ್ದರೆ ಯಾರೂ ಅದರ ಮೇಲೆ ರೆಕಾರ್ಡ್ ಮಾಡಲಾರರು. ಮಹಾರಾಯಿತಿಗೆ ಈಗ ಬುದ್ಧಿ ಬಂದಿದೆ ಎಂದು ನಕ್ಕು, ಮತ್ತೆ ರೆಕಾರ್ಡ್ ಆಗುವಂತೆ ಆ ತೂತಿಗೆ ಅಂಟುಪಟ್ಟಿ ಮೆತ್ತಿದಳು. ಮಧ್ಯಾಹ್ನವೆಲ್ಲ ಅಡುಗೆಯೇ ಬರುವ ಚಾನೆಲ್ ಹಾಕಿ ಕೆಂಪು ಗುಂಡಿ ಒತ್ತಿದಳು. ಅಕ್ಕನ ಮದುವೆ ಒಂದು ಗಂಟೆಯದ್ದು, ಕ್ಯಾಸೆಟ್ಟು ಮೂರು ಗಂಟೆಯದ್ದು. ಆದರೂ ಒಂದು ಗೇಣೂ ಉಳಿಯಬಾರದೆಂದು ಮೂರು ಗಂಟೆಯೂ ಎದುರಿಗೇ ಕೂತು ಓಡಿಸಿದಳು. ಡಿಸ್ಕಿಗೂ ಅದೇ ಅಡುಗೆ ಹಾಕಿದಳು. ಒಂಬತ್ತು ವರ್ಷದಿಂದ ಉರಿಯುತ್ತಿದ್ದ ಹೊಟ್ಟೆ ಅಂದು ತಣ್ಣಗಾಯಿತು. ಅಂಟುಪಟ್ಟಿ ಕಿತ್ತು ಬಿಸಾಕಿದಳು.

ಭಾನುವಾರ ಭಾವ ಬಂದರು. ಕ್ಯಾಸೆಟ್ಟನ್ನೂ ಡಿಸ್ಕನ್ನೂ ಅವರ ಕೈಗಿಟ್ಟಳು.

“ಕೊನೇತನಕ ನೋಡಿದೆಯಾ?”

“ಮೂರು ಗಂಟೆ ಪೂರ್ತಿ ಕೂತಿದ್ದೆ ಭಾವ. ಒಂದು ಗೇಣೂ ಬಿಟ್ಟಿಲ್ಲ.”

ಭಾವನ ಕಣ್ಣು ತುಂಬಿಬಂತು. ಡಿಸ್ಕನ್ನು ಜೇಬಿಗಿಳಿಸಿ, ಕ್ಯಾಸೆಟ್ಟನ್ನು ತಿರುಗಿ ಅವಳ ಅಂಗೈಯಲ್ಲೇ ಇಟ್ಟರು.

“ಹಾಗಾದ್ರೆ ಇದು ನಿನ್ನ ಹತ್ರಾನೇ ಇರಲಿ. ಮದುವೆ ಬರೀ ನೆಪ. ನೇರವಾಗಿ ಕಳಿಸಿದ್ರೆ ನೀನು ತೆಗೀತಾನೇ ಇರಲಿಲ್ಲ. ಊರು ಬಿಟ್ಟು ಹೋಗಿದ್ದ ಆ ಕ್ಯಾಮೆರಾದವನನ್ನ ಹುಡುಕೋಕೆ ನಿಮ್ಮಕ್ಕನಿಗೆ ನಾಲ್ಕು ವರ್ಷ ಹಿಡೀತು. ಅವನ ಹತ್ರ ಉಳಿದಿದ್ದ ಹಾಡಿನ ಅಸಲಿ ಟೇಪು ಒಂದೇ ಸಲ ಓಡಿ ತುಂಡಾಗೋಯ್ತು. ಪುಣ್ಯಕ್ಕೆ ಅಷ್ಟರಲ್ಲಿ, ಮದುವೆ ಮುಗಿದ ಮೇಲಿನ ಖಾಲಿ ಜಾಗಕ್ಕೆ ಅಮ್ಮನ ಹಾಡು ಪೂರ್ತಿ ಇಳಿದಿತ್ತು.”