ಕೆಳಗೊಂದು ಕೈ

ಕಣ್ಣು ಮುಚ್ಚಿದಷ್ಟೂ ಪಾರವ್ವನ ಎಡಗೈ ಮುಷ್ಟಿ ಬಿಗಿಯಾಗುತ್ತಿತ್ತು. ಹೆಬ್ಬೆರಳು ಒಳಗೆ ಸಿಕ್ಕಿಕೊಂಡು, ಅದರ ಮೇಲೆ ಉಳಿದ ಬೆರಳುಗಳು ಬೀಗ ಹಾಕಿದಂತೆ ಕೂತಿದ್ದವು. ಫಿಸಿಯೋಥೆರಪಿಸ್ಟ್ ಸುಮಾ ಮೆಲ್ಲಗೆ ಒಂದೊಂದೇ ಬೆರಳು ಬಿಡಿಸಿ ನೋಡಿದಳು. ಉಗುರು ಊರಿದ ಕಡೆ ಅಂಗೈ ಚರ್ಮ ಒಡೆದು ರಕ್ತ ಕಾಣುತ್ತಿತ್ತು.

“ಹೋದ ವಾರಕ್ಕಿಂತ ಬಿಗಿ ಆಗಿದೆ. ಹಿಂಗೇ ಬಿಟ್ರೆ ಈ ಕೈ ಹಿಂಗೇ ನಿಂತ್ಬಿಡುತ್ತೆ. ಹೇಳಿಕೊಟ್ಟಿದ್ದು ಮಾಡ್ತಾ ಇದಾರಾ ಹೇಮಶ್ರೀ?”

“ದಿನಾ ಮಾಡ್ತಾರೆ. ನಾನೇ ಪಕ್ಕದಲ್ಲಿ ಕೂತಿರ್ತೀನಿ,” ಎಂದಳು ಸೊಸೆ.

“ಕೈ ಬಿಡಸಾಕ ಬರವಲ್ದು ಅಂದ್ರ ಮನಸ್ಸಿನ್ಯಾಗ ಬಿಡಸು ಅಂತೀರಿ,” ಪಾರವ್ವ ಕಣ್ಣು ತೆರೆದರು. “ನಾಳೆ ಹೊಟ್ಟಿ ಹಸದ್ರ ಮನಸ್ಸಿನ್ಯಾಗ ಉಣ್ಣು ಅಂತೀರೇನು?”

ಸುಮಾ ನಕ್ಕಳು. “ಕೈ ಆಡಿಸ್ತಿದೀನಿ ಅಂತ ಗಟ್ಟಿಯಾಗಿ ಅಂದ್ಕೊಂಡ್ರೂ, ತಲೆಯೊಳಗೆ ಹೆಚ್ಚುಕಮ್ಮಿ ಆಡಿಸಿದಾಗ ನಡೆಯೋ ಕೆಲಸವೇ ನಡೆಯುತ್ತೆ ಅಮ್ಮ. ಮಾಡ್ತಾ ಮಾಡ್ತಾ ಕೈಗೆ ದಾರಿ ನೆನಪಾಗುತ್ತೆ. ಇನ್ನೊಂದು ವಾರ ನೋಡೋಣ. ಆಗ್ಲಿಲ್ಲ ಅಂದ್ರೆ ಪಟ್ಟಿ ಕಟ್ಟಿ ಬೆರಳು ಎಳೆದಿಡಬೇಕಾಗುತ್ತೆ.” ಅವಳು ಸ್ಕೂಟರ್ ಹತ್ತಿ ಮಾರೇನಹಳ್ಳಿಯ ಇನ್ನೊಂದು ಮನೆಗೆ ಹೊರಟಳು.

ಮೊದಲು ಚೆಂಡು ಹಿಡಿದಂತೆ, ಲೋಟ ಹಿಡಿದಂತೆ ಅಂದುಕೊಳ್ಳಲು ಹೇಳಿದ್ದಳು ಸುಮಾ. ಏನೂ ಆಗಿರಲಿಲ್ಲ. ಇವರ ಕೈಗೆ ಚೆನ್ನಾಗಿ ರೂಢಿಯಿದ್ದ ಕೆಲಸ ಯಾವುದು ಎಂದು ಕೇಳಿದಾಗ, “ಲಿಂಗಪೂಜೆ” ಎಂದವಳು ಹೇಮಶ್ರೀಯೇ. ಎಡ ಅಂಗೈ ಬಿಡಿಸಿ, ಇಷ್ಟಲಿಂಗ ಇಟ್ಟು ಪೂಜಿಸದೆ ಅತ್ತೆ ಒಂದು ಗುಟುಕು ನೀರು ಕುಡಿದದ್ದನ್ನು ಅವಳು ಕಂಡಿರಲಿಲ್ಲ. ಲಕ್ವ ಹೊಡೆದ ಮೇಲೆ ಪೂಜೆ ನಿಂತಿತ್ತು, ಊಟವೂ ಅರ್ಧಕ್ಕರ್ಧ ನಿಂತಿತ್ತು. ಕೈ ಬಿಡಿಸಿದ ದಿನ ಹೊಟ್ಟೆ ತುಂಬ ಉಣ್ಣುತ್ತೇನೆ ಎಂದು ಒಂದೇ ಹಟ. ಆದರೆ ಪೂಜೆಯನ್ನು ನೆನೆಯಲು ಶುರು ಮಾಡಿದಂದಿನಿಂದಲೇ ಮುಷ್ಟಿ ಇನ್ನೂ ಗಟ್ಟಿಯಾಗಿತ್ತು.

ಹೇಮಶ್ರೀ ಗಾಯಕ್ಕೆ ಮುಲಾಮು ಹಚ್ಚುತ್ತ ಕೂತಳು. ಒಂದು ಸಂಗತಿ ಅವಳನ್ನು ಕೊರೆಯುತ್ತಿತ್ತು. ಕಣ್ಣು ಮುಚ್ಚಿದ ಮೊದಲ ಕೆಲವು ಕ್ಷಣ ಅತ್ತೆಯ ಬೆರಳುಗಳು ಕೊಂಚ ಸಡಿಲವಾಗುತ್ತಿದ್ದವು. ಆಮೇಲೆ ಉಸಿರು ಹಿಡಿದಂತಾಗಿ ಮುಷ್ಟಿ ಗಕ್ಕನೆ ಬಿಗಿಯುತ್ತಿತ್ತು. ಕಣ್ಣು ತೆರೆದ ಕೂಡಲೇ ಅವರು ಮೊದಲು ನೋಡುತ್ತಿದ್ದುದು ಕೈಯನ್ನಲ್ಲ, ನೆಲವನ್ನು.

“ಅತ್ತೆ, ಕಣ್ಮುಚ್ಚಿದಾಗ ಲಿಂಗ ಕೆಳಗೆ ಬೀಳುತ್ತಾ?”

ಪಾರವ್ವ ಮತ್ತೆ ನೆಲದ ಕಡೆ ನೋಡಿದರು. ಬೀದಿಯಲ್ಲಿ ಸೊಪ್ಪಿನವನು ಕೂಗುತ್ತ ದೂರ ಹೋದ.

“ಅಂಗೈ ಬಿಡಸ್ತೀನಿ. ಲಿಂಗಯ್ಯನ್ನ ಇಡ್ತೀನಿ. ಇಟ್ಟ ಕೂಡ್ಲೇ ಕೈ ಜೋತು ಬೀಳ್ತದ, ಲಕ್ವ ಹೊಡದ ದಿನ ಆದಂಗ. ಸಪ್ಪಳ ಆಗ್ತದ, ಉರುಳಿಕೋತ ಹೋಗ್ತದ.” ಅವರ ಧ್ವನಿ ಇಳಿಯಿತು. “ಅವತ್ತು ಒಂದು ಸಲ ಬೀಳಿಸಿದ್ನೆವ್ವಾ. ಈಗ ದಿನಾ ಬೀಳಸಾಕತ್ತೀನಿ. ಅದಕ್ಕ ಮುಷ್ಟಿ ಹಿಡೀತೀನಿ.”

“ಅವತ್ತು ಬಿದ್ದಿದ್ದು ನನಗೆ ಗೊತ್ತು ಅತ್ತೆ. ಎತ್ತಿ ತೊಳೆದು, ಆಂಬುಲೆನ್ಸ್ ಬರೋಷ್ಟರಲ್ಲಿ ನಿಮ್ಮ ಕೊರಳಿಗೆ ಹಾಕಿದ್ದು ನಾನೇ.”

ಪಾರವ್ವ ಸೊಸೆಯ ಮುಖವನ್ನೇ ನೋಡಿದರು. “ನಿನ್ನ ಗಂಡಗ ಹೇಳಿದೇನು, ಬಸವಕುಮಾರಗ?”

“ಯಾರಿಗೂ ಹೇಳಿಲ್ಲ.”

“ಲಿಂಗ ಕೆಳಗ ಬಿದ್ರ ಜೀವಾನೂ ಬಿಡಬೇಕು ಅಂತಾರ ಮಂದಿ, ಗೊತ್ತೈತಿಲ್ಲ ನಿನಗ?”

“ಗೊತ್ತು. ನಾನು ಮೊದಲು ನಿಮ್ಮನ್ನ ಎತ್ತಿದೆ, ಆಮೇಲೆ ಅದನ್ನ ಎತ್ತಿದೆ. ತಪ್ಪಾಗಿದ್ರೆ ನನಗೇ ಬೈರಿ.”

ಪಾರವ್ವ ಬೈಯಲಿಲ್ಲ. ಬಲಗೈಯಿಂದ ಸೆರಗು ಎಳೆದು ಕಣ್ಣೊರೆಸಿಕೊಂಡರು. ಹೇಮಶ್ರೀ ತನ್ನ ಎರಡೂ ಕೈ ಜೋಡಿಸಿ, ಬೊಗಸೆ ಮಾಡಿ, ಆ ಮುಷ್ಟಿಯ ಕೆಳಗೆ ಹಿಡಿದಳು.

“ಇನ್ಮೇಲೆ ಕಣ್ಮುಚ್ಚಿದಾಗ ನನ್ನನ್ನೂ ಎದುರಿಗೆ ಕೂರಿಸ್ಕೊಳ್ಳಿ. ನಿಮ್ಮ ಕೈ ಕೆಳಗೆ ಹಿಂಗೆ ನನ್ನ ಕೈ ಇರ್ಲಿ. ಬಿದ್ರೆ ಇದರೊಳಗೆ ಬೀಳುತ್ತೆ, ನೆಲಕ್ಕೆ ಹೋಗಲ್ಲ.”

“ಈ ಕೈ?” ಪಾರವ್ವ ಅದನ್ನು ಹಿಂದೆ ಮುಂದೆ ನೋಡಿದರು. “ಚಾ ಕಪ್ಪು ಒಂದೂ ಉಳಿಸಿಲ್ಲ ಮನ್ಯಾಗ.”

ಮರುದಿನ ಬೆಳಗ್ಗೆ ಹೇಮಶ್ರೀ ರೊಟ್ಟಿ ಬಡಿಯುತ್ತಿದ್ದಳು. ಹೆಂಚಿನ ಮೇಲೆ ಒಂದು ರೊಟ್ಟಿ ಬೇಯುತ್ತಿತ್ತು. ಹಾಲ್‌ನಿಂದ ಅತ್ತೆಯ ಧ್ವನಿ ಕೇಳಿಸಿತು.

“ಹೇಮಾ, ಭಾಳ ಕೆಳಗ ಹಿಡದೀಯಲ್ಲ. ಇನ್ನೊಂಚೂರು ಮ್ಯಾಲೆ.”

ಅಡುಗೆಮನೆಯಲ್ಲಿದ್ದೀನಿ ಎನ್ನಲು ಅವಳು ಬಾಗಿಲಿಗೆ ಬಂದಳು. ಪಾರವ್ವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಒಬ್ಬರೇ, ಕಣ್ಣು ಮುಚ್ಚಿಕೊಂಡು ಕೂತಿದ್ದರು. ಉಸಿರು ಸಮವಾಗಿತ್ತು. ತೊಡೆಯ ಮೇಲಿದ್ದ ಮುಷ್ಟಿಯೊಳಗಿಂದ ಹೆಬ್ಬೆರಳು ಹೊರಗೆ ಬರುತ್ತಿತ್ತು.

ಹೇಮಶ್ರೀ ಬಾಗಿಲಲ್ಲೇ ನಿಂತು, ಹಿಟ್ಟು ಮೆತ್ತಿದ ಬೊಗಸೆಯನ್ನು ಎದೆಯ ಮಟ್ಟಕ್ಕೆ ಎತ್ತಿದಳು.

“ಇಷ್ಟು ಸಾಕಾ ಅತ್ತೆ?”

“ಸಾಕು. ಅಲುಗಾಡಬ್ಯಾಡ.”

ಹಿಂದೆ ಹೆಂಚಿನ ಮೇಲೆ ರೊಟ್ಟಿ ಸೀದು ಹೊಗೆಯೇಳತೊಡಗಿತು. ಅವಳು ಕೈ ಇಳಿಸಲಿಲ್ಲ.